ಹಿಡಿದೆ ಎಂದವನು ನಾನೇ

ನನ್ನ ತಮ್ಮ ಮಂಜುನಾಥನ ಬಲಗೈ ಮುರಿದವನು ನಾನು. ಕೆಲಸದಲ್ಲಿ ಕೈತಪ್ಪಿ ಹಾಗಾಯಿತು ಎಂದು ಹದಿನಾಲ್ಕು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ — ಹೆಂಡತಿಗೆ, ಡಾಕ್ಟರಿಗೆ, ಅವ್ವನಿಗೆ. ಅವ್ವ ಅದನ್ನೇ ನಂಬಿಕೊಂಡು ಸತ್ತಳು. ಕೈ ಮುರಿದದ್ದಕ್ಕಿಂತ ದೊಡ್ಡ ತಪ್ಪೊಂದು ಆಮೇಲೆ ಮಾಡಿದೆ. ಅದನ್ನೂ ಬರೆಯುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು, ಬರವಣಿಗೆ ಒರಟಾಗಿದ್ದರೆ ಕ್ಷಮಿಸಿ — ಬೇಡ, ಆ ಮಾತನ್ನು ಇಷ್ಟು ಸುಲಭವಾಗಿ ನಾನು ಬಳಸಬಾರದು.

ಕುಶಾಲನಗರದಲ್ಲಿ ನಮ್ಮದು ಶಟರ್ ಮಾಡುವ ಅಂಗಡಿ. ಅಂಗಡಿ, ಗೋದಾಮು, ಎಸ್ಟೇಟ್ ಬಂಗಲೆಗಳ ಕಾರ್ ಶೆಡ್ಡು, ಯಾವುದಕ್ಕೆ ಬೇಕಾದರೂ ಬಾಗಿಲು ಕೂರಿಸುತ್ತೇವೆ. ಹಾಸನದ ಕಡೆಯಿಂದ ಬಂದ ಅಪ್ಪನಿಗೆ ಹೊಲ ಬಿಟ್ಟು ಬೇರೆ ಗೊತ್ತಿರಲಿಲ್ಲ. ತಗಡಿನ ಗೂಡಿನಲ್ಲಿ ಒಂದು ವೆಲ್ಡಿಂಗ್ ಮೆಷೀನ್ ಇಟ್ಟುಕೊಂಡು ಶುರು ಮಾಡಿದವನು ನಾನು. ಮಂಜನನ್ನು ಐಟಿಐ ಓದಿಸಿದವನೂ ನಾನು. ಆದರೆ ಅಂಗಡಿ ಬೆಳೆದದ್ದು ಅವನು ಬಂದ ಮೇಲೆ. ಮೋಟಾರಿನ ಬಾಗಿಲು, ರಿಮೋಟಿನ ಬಾಗಿಲು, ಎಲ್ಲ ಅವನೇ ತಂದ. ಬಾಗಿಲನ್ನು ಕಣ್ಣಲ್ಲಿ ನೋಡಿಯೇ ಅಳತೆ ಹೇಳುತ್ತಿದ್ದ. ಎಸ್ಟೇಟಿನ ದೊಡ್ಡವರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿ ನಗಿಸಿ ಆರ್ಡರ್ ತರುತ್ತಿದ್ದ. ಕಟ್ಟಿದವನು ನಾನು, ಕಟ್ಟಿದವನು ನಾನು — ಈ ಮಾತು ಸದಾ ನನ್ನ ಹಲ್ಲಿನ ಸಂದಿಯಲ್ಲಿತ್ತು.

ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಶಟರನ್ನು ಮೇಲಕ್ಕೆಳೆಯುವುದು ಬಾಗಿಲಿನ ನೆತ್ತಿಯ ಪೈಪಿಗೆ ಹಾಕಿದ ಸ್ಪ್ರಿಂಗು. ಆ ಪೈಪನ್ನು ತಿರುಗಿಸಿ ಸ್ಪ್ರಿಂಗಿಗೆ ಬಿಗಿ ಕೊಡಬೇಕು. ಎರಡು ಏಣಿ, ಇಬ್ಬರು, ಇಬ್ಬರ ಕೈಯಲ್ಲೂ ಪೈಪನ್ನು ಕಚ್ಚಿ ತಿರುಗಿಸುವ ಉದ್ದ ಹಿಡಿಯ ರಿಂಚು. ಒಬ್ಬ ಒಂದಿಷ್ಟು ತಿರುಗಿಸಿ ತಡೆದು ನಿಲ್ಲುತ್ತಾನೆ. ಇನ್ನೊಬ್ಬ ತನ್ನ ರಿಂಚನ್ನು ಪೈಪಿಗೆ ಕಚ್ಚಿಸಿ ‘ಹಿಡಿದೆ’ ಎನ್ನುತ್ತಾನೆ. ಆ ಮಾತಿಗೆ ಮೊದಲನೆಯವನು ಒಮ್ಮೆಗೇ ಬಿಟ್ಟುಬಿಡುತ್ತಾನೆ. ತಿರುಗಿ ನೋಡುವುದಿಲ್ಲ. ಆ ವೇಗವೇ ನಮ್ಮಿಬ್ಬರ ಹೆಮ್ಮೆ. ಬಿಗಿಯಾದ ಸ್ಪ್ರಿಂಗು ಕೈತಪ್ಪಿದರೆ ರಿಂಚಿನ ಹಿಡಿ ಗಿರ್ರನೆ ತಿರುಗಿ ಮನುಷ್ಯನ ತಲೆಯನ್ನು ತೆಂಗಿನಕಾಯಿಯ ಹಾಗೆ ಒಡೆಯುತ್ತದೆ. ಇದು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಹದಿನಾಲ್ಕು ವರ್ಷದ ಹಿಂದೆ, ಪಾಲಿಬೆಟ್ಟದ ಒಂದು ಎಸ್ಟೇಟ್. ಜೀಪ್ ಶೆಡ್ಡಿಗೆ ಬಾಗಿಲು. ಬೆಳಿಗ್ಗೆ ಹನ್ನೊಂದರ ಬಿಸಿಲು. ಆಳುಗಳ ಹಾಜರಿ ನೋಡುವ ರೈಟರ್ ಬಂದು ಇಸ್ತ್ರಿ ಶರ್ಟಿನ ಮಂಜನಿಗೆ ಕೈಮುಗಿದ.

“ಓನರ್ ನೀವೇ ಅಲ್ವಾ? ಒಳಗೆ ಬನ್ನಿ, ಕಾಫಿ ಆಗಿದೆ. ನಿಮ್ಮ ಕೆಲಸದವನಿಗೆ ಲೈನ್ ಹತ್ರ ಚಾ ಕೊಡಿಸ್ತೇನೆ.”

ಮಂಜ ನನ್ನ ಕಡೆ ನೋಡಿದ. ನಕ್ಕ. ‘ಇವರು ನನ್ನಣ್ಣ’ ಎನ್ನಲಿಲ್ಲ. ಒಳಗೆ ಹೋದ. ನಾನು ಆಳುಗಳ ಮನೆ ಸಾಲಿನ ಮುಂದೆ ಸ್ಟೀಲ್ ಲೋಟ ಹಿಡಿದು ನಿಂತಿದ್ದೆ. ಚಾ ಕುಡಿಯಲಿಲ್ಲ. ಲೋಟವನ್ನು ಗೋಡೆಗೆ ಬೀಸಿ ಎಸೆದೆ.

ಅವನು ವಾಪಸು ಬಂದಾಗ ಕೇಳಿದೆ. “ಯಾಕ್ಲಾ, ಬಾಯಲ್ಲಿ ಏನಿತ್ತು? ಅಣ್ಣ ಅನ್ನಕ್ಕೆ ನಾಚ್ಕೆ ಆಯ್ತಾ?”

“ಅಯ್ಯೋ ಬುಡಣ್ಣ. ಈ ಮಸಿ ಬನೀನು ನೋಡ್ಬುಟ್ಟು ಯಾರ್ ತಾನೇ ನಿನ್ನ ಓನರ್ ಅಂತಾರೆ? ಇನ್ನೆರಡು ಶೆಡ್ಡಿನ ಕೆಲಸ ಸಿಕ್ತು, ಖುಷಿಪಡು. ಈಗ ಏಣಿ ಹತ್ತು.”

ತಮಾಷೆಗೆ ಅಂದದ್ದು. ನಿತ್ಯ ಹೀಗೇ ಅನ್ನುತ್ತಿದ್ದ, ನಾನೂ ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ.

ಒಂಬತ್ತನೇ ಸುತ್ತು. ಮಂಜ ತಡೆದು ನಿಂತಿದ್ದ, ಕತ್ತಿನ ನರ ಉಬ್ಬಿತ್ತು. ನನ್ನ ರಿಂಚು ಪೈಪಿನಿಂದ ಗೇಣು ದೂರದಲ್ಲಿತ್ತು. ‘ಹಿಡಿದೆ’ ಅಂದೆ. ಜೋರಾಗಿ, ಸ್ಪಷ್ಟವಾಗಿ ಅಂದೆ. ಸಾಯಲಿ ಅಂದುಕೊಂಡೆನೇ? ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಆ ನಗು ನಿಲ್ಲಬೇಕು — ಅಷ್ಟು ಮಾತ್ರ —

ಅವನು ಬಿಟ್ಟ. ಮೊದಲ ಏಟು ಮೊಣಕೈಗೆ. ಒಣಗಿದ ಸಿಲ್ವರ್ ಓಕ್ ಕೊಂಬೆ ಮುರಿದಂತೆ ಸದ್ದಾಯಿತು. ಹಿಡಿ ಮತ್ತೆ ಸುತ್ತಿ ಬಂದು ದವಡೆಗೆ ಹೊಡೆಯಿತು. ಏಣಿಯಿಂದ ಅವನು ಬಿದ್ದಾಗ ಇಸ್ತ್ರಿ ಶರ್ಟಿನ ತೋಳನ್ನು ಹರಿದುಕೊಂಡು ಮೂಳೆ ಹೊರಗೆ ಬಂದಿತ್ತು. ಸಿಮೆಂಟಿನ ಮೇಲೆ ಎರಡು ಹಲ್ಲು, ಸುತ್ತ ರಕ್ತ. ಅವನು ಕಿರುಚಲಿಲ್ಲ, ದವಡೆ ಒಡೆದವನಿಗೆ ಕಿರುಚಲೂ ಆಗುವುದಿಲ್ಲ. ಕಿರುಚಿದವನು ನಾನು. ಅದನ್ನು ನೋಡಿದವರು, ಅಣ್ಣನಿಗೆ ಎಷ್ಟು ಸಂಕಟ ಅಂದುಕೊಂಡರು.

ಮೈಸೂರಿನ ಆಸ್ಪತ್ರೆಯಲ್ಲಿ ಮೂರನೇ ದಿನ, ತಂತಿ ಬಿಗಿದ ಬಾಯಿಂದ ಅವನು ಕೇಳಿದ: “ಅಣ್ಣಾ... ನೀನು ಹಿಡ್ದೆ ಅಂದ್ಯಲ್ವಾ?”

“ಇಲ್ಲ ಕಣ್ಲಾ. ನಾನಿನ್ನೂ ರಿಂಚೇ ಹಾಕಿರ್ನಿಲ್ಲ. ನೀನೇ ಅವಸರ ಬಿದ್ದು ಬುಟ್ಬುಟ್ಟೆ.”

ರಿಂಚು ಹಾಕಿರಲಿಲ್ಲ ಎಂಬುದೊಂದೇ ಅದರಲ್ಲಿ ನಿಜ. ಅವನು ನನ್ನ ಮುಖ ನೋಡಿದ. ಆಮೇಲೆ, “ಇರ್ಬೋದು,” ಅಂದ. “ನಂದೇ ತಪ್ಪು. ನಿಂಗೂ ಏಟು ಬಿದ್ದಿದ್ರೆ ಏನ್ ಗತಿ ಅಣ್ಣಾ.”

ಕೈ ಮುರಿದದ್ದು ಒಂದು ಉಸಿರಿನ ಕೋಪ. ಈ ಸುಳ್ಳಿಗೆ ಮೂರು ದಿನ ಯೋಚನೆ ಮಾಡಲು ಸಮಯ ಸಿಕ್ಕಿತ್ತು ನನಗೆ — ಯೋಚಿಸಿಯೇ ಹೇಳಿದೆ.

ಆ ಮೊಣಕೈ ಮತ್ತೆ ಮಡಚಲಿಲ್ಲ. ಮಂಜ ಏಣಿ ಬಿಟ್ಟು ಮೇಜಿಗೆ ಬಂದ, ಫೋನಿಗೆ ಬಂದ. ಅಂಗಡಿ ಮೂರು ಪಾಲು ಬೆಳೆಯಿತು. ನಿನ್ನ ಹೆಸರನ್ನೂ ಬೋರ್ಡಿಗೆ ಹಾಕಿಸುತ್ತೇನೆ ಅಂದರೆ ಒಪ್ಪಲಿಲ್ಲ. “ತಪ್ಪು ಮಾಡ್ಕೊಂಡೋನು ನಾನು. ನೀನು ಇಟ್ಕಂಡಿರೋದೇ ಹೆಚ್ಚು” ಅಂದ. ನಾನು ಸುಮ್ಮನಾದೆ. ತಮ್ಮನನ್ನು ಸಾಕುವ ದೇವರಂಥ ಅಣ್ಣ ಎಂದು ಊರು ಹೇಳಿದಾಗಲೂ ಸುಮ್ಮನಿದ್ದೆ — ಸುಮ್ಮನೆ ಏನು, ಎದೆಯುಬ್ಬಿಸಿ ನಡೆದೆ. ಕಣ್ಣಳತೆಯಲ್ಲಿ ಬಾಗಿಲು ಹೇಳುತ್ತಿದ್ದವನು ಈಗ ಒಂದೇ ಅಳತೆಯನ್ನು ಮೂರು ಸಲ ತೆಗೆಯುತ್ತಾನೆ. ಬೀಗ ಹಾಕಿ ಬಂದು, ಮತ್ತೆ ಹೋಗಿ ನೋಡುತ್ತಾನೆ. ಯಾಕೋ ಎಂದರೆ, “ನನ್ ಮೇಲೆ ನಂಗೇ ನಂಬ್ಕೆ ಇಲ್ಲ ಅಣ್ಣಾ” ಎನ್ನುತ್ತಾನೆ. ಕೈಯ ಜೊತೆ ಏನೇನು ಮುರಿದೆ ನಾನು —

ಹೋದ ತಿಂಗಳು ಬಿಟ್ಟಂಗಾಲ ಎಂಬ ಊರಲ್ಲಿ ಕೆಲಸವಿತ್ತು, ಅಳತೆ ನೋಡಲು ಮಂಜನೂ ಬಂದಿದ್ದ. ಸೆಲ್ವ ನಮ್ಮಲ್ಲಿ ಹತ್ತು ವರ್ಷದ ಫಿಟ್ಟರ್, ನಲವತ್ತು ದಾಟಿದ ಸಂಸಾರಸ್ಥ. ಏಣಿಯ ಮೇಲಿದ್ದವನು ರಿಂಚು ಹಾಕದೆಯೇ ‘ಹಿಡಿದೆ’ ಎಂದು ಕೂಗಿದ. ಜೊತೆಗಾರ ಬಿಡುವುದರೊಳಗೆ ರಿಂಚು ಕಚ್ಚಿಸಿ ನಕ್ಕ. “ನಿದ್ದೆ ಮಾಡ್ತಿದ್ದಾನಾ ನೋಡ್ದೆ, ಅಣ್ಣಾ!”

ಪೈಪನ್ನು ಬಿಗಿ ಮಾಡಿ ಇಳಿಯುವವರೆಗೆ ಕಾದೆ. ಆಮೇಲೆ ಸೆಲ್ವನ ಕಾಲರ್ ಹಿಡಿದು ನೆಲಕ್ಕೆ ಕೆಡವಿದೆ. ಮುಖಕ್ಕೆ ಗುದ್ದಿದೆ, ಮತ್ತೆ ಗುದ್ದಿದೆ. ಮೂಗು ಒಡೆದು ರಕ್ತ ನನ್ನ ಮುಷ್ಟಿಗೆ ಅಂಟಿತು. ಪಕ್ಕೆಗೆ ಒದ್ದೆ. ಸಾಲದೆ ಶಟರಿನ ಉಕ್ಕಿನ ಪಟ್ಟಿ ಎತ್ತಿಕೊಂಡೆ. ಬೀಸುವಾಗ ಮಂಜ ಅಡ್ಡ ಬಂದ, ಪಟ್ಟಿ ಅವನ ಮಡಚದ ಕೈಗೇ ಬಿತ್ತು. ಅವನು ಹಲ್ಲು ಕಚ್ಚಿಕೊಂಡು ನಿಂತ. ಕೆಳಗೆ ಕೂತು ಸೆಲ್ವನ ರಕ್ತ ಒರೆಸುತ್ತ ಅಂದ:

“ಬೇಜಾರ್ ಮಾಡ್ಕಬ್ಯಾಡ ಸೆಲ್ವ. ನನ್ ಕೈ ನೆನಪಾದ್ರೆ ಅಣ್ಣಂಗೆ ತಲೆ ಕೆಡ್ತದೆ. ಅವತ್ತು ಅವಸರ ಬಿದ್ದು ಬುಟ್ಟೋನು ನಾನು, ಏಟು ಬಿದ್ದಿದ್ದು ನಿಂಗೆ. ನನ್ನ ಕ್ಷಮಿಸು.”

ಸೆಲ್ವ ಆಮೇಲೆ ಕೆಲಸಕ್ಕೆ ಬಂದಿಲ್ಲ. ನಾನು ಅವನ ಮನೆಗೆ ಹೋದೆ. ಅವನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, “ಹೋಗಿ” ಎಂದಳು. ಸರಿಯಾಗಿಯೇ ಎಂದಳು.

ನಾಳೆ ಬೆಳಿಗ್ಗೆ ಕೆಲಸದವರೆಲ್ಲ ಬಂದ ಮೇಲೆ, ಅವರೆದುರಿಗೇ ಮಂಜನಿಗೆ ಇದನ್ನು ಹೇಳುತ್ತೇನೆ. ಇಬ್ಬರೇ ಇದ್ದಾಗ ಹೇಳಿದರೆ ಅವನು ಅದನ್ನು ತನ್ನ ಹೊಟ್ಟೆಯಲ್ಲೇ ಹಾಕಿಕೊಂಡು ನನ್ನನ್ನು ಉಳಿಸಿಬಿಡುತ್ತಾನೆ — ಅಂಥವನು. ಹದಿನಾಲ್ಕು ವರ್ಷ ಎರಡು ಕೈಯ ಕೆಲಸವನ್ನು ತಾನೊಂದೇ ಮಾಡಿ ಅವನ ಎಡಗೈ ಕಬ್ಬಿಣವಾಗಿದೆ. ಅದು ನನ್ನ ಮೇಲೆ ಎದ್ದರೆ ಯಾರೂ ತಡೆಯಬಾರದು. ನಾನು ಮುಖ ತಿರುಗಿಸುವುದಿಲ್ಲ.