ಏಳರ ಪಾಳಿ

ಅವರ ಬಲಗೈಯ ನಡುಬೆರಳಿನ ಗೆಣ್ಣಿನ ಪಕ್ಕದಲ್ಲಿ ಜೋಳದ ಕಾಳೊಂದು ಕೂರುವಷ್ಟು ಕುಳಿ ಇತ್ತು. ಮೂವತ್ತು ವರ್ಷ ಪೆನ್ಸಿಲ್ ಒತ್ತಿ ಒತ್ತಿ ಬಿದ್ದದ್ದು. ಅದರೊಳಗಿನ ಕಪ್ಪು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಹಣೆಯ ಮೇಲಿನ ಅಂಗಾರದ ಗೆರೆಯೂ ಅಷ್ಟೇ ಕಪ್ಪು, ಅಷ್ಟೇ ನೇರ. ಅದನ್ನೂ ಅಳತೆಪಟ್ಟಿ ಇಟ್ಟೇ ಎಳೆಯುತ್ತಾರೇನೋ ಎಂದು ನಾವು ನಗುತ್ತಿದ್ದೆವು.

ವಾಡಿಯಲ್ಲಿ, ಸುತ್ತಲಿನ ಗಣಿ ಕಾರ್ಖಾನೆಗಳಿಗೆ ಯಂತ್ರದ ಬಿಡಿಭಾಗಗಳ ನಕ್ಷೆ ಬರೆದುಕೊಡುವ ಸಣ್ಣ ಕಚೇರಿ ಅದು. ಅವರು ಅಲ್ಲಿಯ ಹಿರಿಯ ನಕ್ಷೆಗಾರರು. ನಾವು ಹೆಡ್‌ಸಾಬರು ಎನ್ನುತ್ತಿದ್ದೆವು. ನಾವು ಎಂದರೆ ಇಬ್ಬರೇ: ನಾನು, ಮತ್ತು ಚಿಂಚೋಳಿ ಕಡೆಯ ಒಬ್ಬ ಮಾತಿನಮಲ್ಲ ಗೆಳೆಯ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಕಚೇರಿಗೆ ಕಂಪ್ಯೂಟರ್ ಬಂತು. ಒಂದೇ ಒಂದು. ಗುಲಬರ್ಗಾಕ್ಕೆ ಹೋಗಿ ಅದನ್ನು ಕಲಿತು ಬಂದಿದ್ದ ನಮಗಿಬ್ಬರಿಗೂ ಹಬ್ಬ. ಹೆಡ್‌ಸಾಬರು ಮೊದಲ ದಿನ ಪರದೆಯ ಮುಂದೆ ಬಂದವರೇ, ಜೇಬಿನಿಂದ ಅಳತೆಪಟ್ಟಿ ತೆಗೆದು, ಗಾಜಿನ ಮೇಲಿಟ್ಟು ನನ್ನ ಗೆರೆಯನ್ನು ಅಳೆಯತೊಡಗಿದರು. ಗೆಳೆಯ ಮೆಲ್ಲಗೆ ಒಂದು ಗುಂಡಿ ಒತ್ತಿದ. ಗೆರೆ ಹಿಗ್ಗಿತು.

"ಈಗ ಎರಡ್ ಇಂಚ್ ಇತ್ತಲ್ಲೋ."

"ಸಾಬ್, ಇದು ಬೇಕಾದಂಗ ಹಿಗ್ಗತದ, ಕುಗ್ಗತದ. ಅಳತಿ ಒಳಗ ಇರ್ತದ್ರಿ," ಎಂದ ಗೆಳೆಯ.

"ಒಳಗಿದ್ದು ನಾ ಏನ್ ಮಾಡ್ಲಿ? ನನ್ನ ಕಣ್ಣು ಹೊರಗ ಅವ."

ಅಂದಿನಿಂದ ಒಂದು ಕಟ್ಟಳೆಯಾಯಿತು. ಕಾಗದಕ್ಕಿಳಿದು ಅವರ ಮೇಜಿನ ಮೇಲೆ ಬರುವ ತನಕ ಯಾವ ನಕ್ಷೆಯೂ ನಕ್ಷೆಯಲ್ಲ.

ಆಗ ನನ್ನ ಮಗಳಿಗೆ ಐದು ತಿಂಗಳು. ಚಿತ್ತಾಪುರದಲ್ಲಿ ಅವ್ವನ ಬಳಿ ಬಿಟ್ಟು ಬರುತ್ತಿದ್ದೆ. ಕಚೇರಿ ಒಂಬತ್ತರಿಂದ ಐದೂವರೆ. ನಾನು ಮನೆ ಸೇರುವಷ್ಟರಲ್ಲಿ ಕೂಸು ಬಾಟಲಿ ದೂಡಿ ದೂಡಿ, ಅತ್ತು ಸೋತು ಮಲಗಿರುತ್ತಿತ್ತು. ಡಾಕ್ಟರು ತೂಕ ಇಳಿದಿದೆ ಎಂದರು. ಮನೆಯಲ್ಲಿ ಎಲ್ಲರದೂ ಒಂದೇ ಮಾತು, ಕೆಲಸ ಬಿಡು. ಇತ್ತ ಕಚೇರಿಯಲ್ಲೋ, ಕಂಪ್ಯೂಟರ್ ಬಂತೆಂದು ಮಾಲೀಕರು ನಮ್ಮಿಬ್ಬರ ನಕ್ಷೆ ಬರೆಯುವ ಹಲಗೆಗಳನ್ನೂ ಮಾರಿಬಿಟ್ಟಿದ್ದರು. ಒಬ್ಬರು ಕುಳಿತರೆ ಇನ್ನೊಬ್ಬರು ಹಿಂದೆ ನಿಂತು ನೋಡಬೇಕು.

ಒಂದು ದಿನ ಧೈರ್ಯ ಮಾಡಿ ಕೇಳಿದೆ. "ಸಾಬ್, ನಾ ಏಳಕ್ಕ ಬಂದು ಎರಡಕ್ಕ ಹೋಗ್ತೀನ್ರಿ. ಆಮ್ಯಾಲ ಇವ ಕುಂದರ್ಲಿ."

"ಹೌದ್ರಿ ಸಾಬ್," ಎಂದ ಗೆಳೆಯ, "ನಂಗೂ ಮುಂಜಾನಿ ನಿದ್ದಿ ಭಾಳ ಚಂದ ಬರ್ತದ."

"ನಾ ನೌಕರಿಗೆ ಸೇರ್ದಾಗ ಒಂಬತ್ತಂದ್ರ ಒಂಬತ್ತು. ನಿಮಗ ಮಷೀನೂ ಹೊಸಾದು ಬೇಕು, ತಾಸೂ ಹೊಸಾವು ಬೇಕು. ನಾಳಿಗಿ ಖುರ್ಚಿ ಮನಿಗೇ ಕಳಸ್ರಿ ಅಂತೀರಿ."

ಮಾರನೆಯ ದಿನ ರಾಜೀನಾಮೆ ಬರೆದು ಅವರ ಮುಂದಿಟ್ಟೆ. ಕಾರಣ ಬರೆದಿರಲಿಲ್ಲ, ಅವರು ಕೇಳಲೂ ಇಲ್ಲ. "ಹದಿನೈದು ದಿನ ತಡಿ ತಂಗಿ," ಎಂದು ಡ್ರಾಯರಿಗೆ ಹಾಕಿದರು.

ಆ ಹದಿನೈದು ದಿನವೂ ಅವರು ಗಡಿಯಾರ ನೋಡುವುದು, ಏನೋ ಗುರುತು ಹಾಕುವುದು ನಡೆದೇ ಇತ್ತು. "ಸಾಬ್ ನಮ್ಮ ಚಹಾದ ಹೊತ್ತು ಬರಕೊಳ್ಳಾಕತ್ತಾರ," ಎಂದು ಗೆಳೆಯ ಪಿಸುಗುಟ್ಟಿದ. ಹದಿನಾರನೆಯ ದಿನ ನನ್ನನ್ನೂ ಕರೆದುಕೊಂಡು ಮಾಲೀಕರ ಕೋಣೆಗೆ ಹೋಗಿ ಒಂದು ದೊಡ್ಡ ಹಾಳೆ ಬಿಡಿಸಿದರು. ತಾಸಿಗೊಂದು ಇಂಚಿನಂತೆ ಎರಡು ಉದ್ದನೆಯ ಪಟ್ಟಿಗಳು, ಅಲ್ಲಲ್ಲಿ ಮಸಿ ತುಂಬಿದ್ದು.

"ಇದು ಯಾವ ಮಷೀನಿಂದ್ರಿ?" ಎಂದರು ಮಾಲೀಕರು.

"ನಮ್ಮ ಕಚೇರಿದು. ಇವರಿಬ್ಬರ ದಿನ. ಕರಿ ಇದ್ದಲ್ಲಿ ಕೆಲಸ ಆಗ್ಯದ. ಬಿಳಿ ಇದ್ದಲ್ಲಿ ಒಬ್ಬರ ಬೆನ್ನಹಿಂದ ಒಬ್ಬರು ನಿಂತಾರ. ಬಿಳಿ ಎಷ್ಟದ ನೋಡ್ರಿ. ಈಕಿ ಏಳಕ್ಕ ಬಂದು ಎರಡಕ್ಕ ಹೋಗ್ಲಿ, ಆಮ್ಯಾಲ ಅವ ಕುಂದರ್ಲಿ."

"ಇವತ್ತು ಏಳಕ್ಕ ಬರ್ತೀವಂತಾರ, ನಾಳಿಗಿ ಬರೂದೇ ಇಲ್ಲಂತಾರ. ಇವರು ಕೆಲಸ ಮಾಡ್ಯಾರೋ ಇಲ್ಲೋ ಯಾರ್ ನೋಡೂದು?"

"ಹಾಳಿ ನನ್ನ ಟೇಬಲ್ಲಿಗೆ ಬರ್ತದಲ್ರಿ. ಅದನ್ನ ನೋಡ್ತೀನಿ. ಇವರ ಮಾರಿ ನೋಡೂದೇನದ?"

"ಜವಾನ ಒಂಬತ್ತಕ್ಕ ಬರ್ತಾನ. ಏಳಕ್ಕ ಕೀಲಿ ತೆಗಿಯೋರ್ ಯಾರು?"

"ನಾ ತೆಗೀತೀನಿ."

ಸಂಧ್ಯಾವಂದನೆ, ದೇವರ ಪೂಜೆ ಮುಗಿಯಲು ಅವರಿಗೆ ಎಂಟೂವರೆಯಾಗುತ್ತಿತ್ತು. ಅಲ್ಲಿಯವರೆಗೆ ಹನಿ ನೀರೂ ಇಲ್ಲ. ಆ ವಾರದಿಂದ ನಾಲ್ಕಕ್ಕೇ ಏಳತೊಡಗಿದರು. ಏಳಕ್ಕೆ ಹತ್ತು ನಿಮಿಷವಿರುವಾಗಲೇ ಒದ್ದೆ ಜುಟ್ಟಿನಲ್ಲಿ ಕಚೇರಿಯ ಮೆಟ್ಟಿಲ ಮೇಲಿರುತ್ತಿದ್ದರು. ನನ್ನ ರಾಜೀನಾಮೆ ತಿರುಗಿ ಕೊಟ್ಟು, "ಹಿಂದಿನ ಬಾಜು ಖಾಲಿ ಅದ, ಗೀಚಾಕ ಬರ್ತದ," ಎಂದರು. ಕೂಸಿನ ಮಾತು ಅವರ ಬಾಯಲ್ಲಿ ಎಂದೂ ಬರಲಿಲ್ಲ, ಮಾಲೀಕರ ಕೋಣೆಯಲ್ಲೂ.

ಹಾಗೆಂದು ಸಡಿಲ ಬಿಟ್ಟವರಲ್ಲ. ನಕ್ಷೆಯಲ್ಲಿ ಒಂದು ಅಳತೆ ಬಿಟ್ಟುಹೋದದ್ದಕ್ಕೆ ನನಗೆ ಎರಡು ಬಸ್ಸು ತಪ್ಪಿಸಿದ ದಿನವೂ ಉಂಟು. ಆದರೂ ಮೂರೂವರೆಗೆಲ್ಲ ಮಗಳು ನನ್ನ ಮಡಿಲಲ್ಲಿರುತ್ತಿದ್ದಳು. ಎರಡು ತಿಂಗಳಲ್ಲಿ ಕೆನ್ನೆ ತುಂಬಿಕೊಂಡಳು.

ಅವಳು ಓಡಾಡತೊಡಗಿದ ಮೇಲೆ ಹೇಳಿದೆ, "ಸಾಬ್, ಇನ್ನ ನಾ ಒಂಬತ್ತಕ್ಕ ಬರ್ತೀನ್ರಿ. ನಿಮಗ ಭಾಳ ತ್ರಾಸಾತು."

"ನೀ ಯಾವಾಗರ ಬಾ. ನಾಳಿಗಿ ಇನ್ನೊಬ್ಬಾಕಿ ಬರ್ತಾಳ. ಆಕಿ ಕೇಳೂಕಿಂತ ಮೊದಲ ಬಾಗಿಲಾ ತೆರದಿರ್ಲಿ."

ಎರಡು ವರ್ಷಕ್ಕೆ ಬಂದಳು, ಸೇಡಂನ ಹುಡುಗಿ. ಮುಂಜಾನೆ ಕೆಲಸ, ಮಧ್ಯಾಹ್ನ ಕಾಲೇಜು. ಏಳರ ಪಾಳಿ ಇದೆ ಎಂದು ಕೇಳಿಯೇ ಸೇರಿದವಳು.

ಆಮೇಲೊಂದು ಬೇಸಿಗೆಯಲ್ಲಿ ಹೆಡ್‌ಸಾಬರು ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟರು. ಹದಿನೈದು ದಿನ ಕಚೇರಿ ಒಂಬತ್ತಕ್ಕೇ ತೆರೆಯಿತು. ಅವರ ಮನೆಯಿಂದ ಕೀಲಿಕೈ ತಿರುಗಿ ಬಂದ ದಿನ ಮಾಲೀಕರು ನಮ್ಮನ್ನು ಕರೆದರು.

"ಹೆಡ್‌ಸಾಬರು ಇದ್ರು, ನಡೀತು. ಇನ್ನ ಎಲ್ಲಾರೂ ಒಂಬತ್ತಕ್ಕೇ ಬರ್ರಿ."

ಸೇಡಂನ ಹುಡುಗಿ ತಲೆ ತಗ್ಗಿಸಿ ನಿಂತಳು. ನನಗೆ ಈಗ ಏಳರ ಅಗತ್ಯವಿರಲಿಲ್ಲ. ಮಗಳು ಶಾಲೆಗೆ ಹೋಗುತ್ತಿದ್ದಳು, ಮುಂಜಾನೆಯೇ ನನ್ನ ಗದ್ದಲದ ಹೊತ್ತು.

"ಕೀಲಿಕೈ ಈ ಕಡಿ ಕೊಡ್ರಿ," ಎಂದೆ.