ಮಾವನವರ ಗದ್ದದ ಪಟ್ಟಿ

ಗೆಳತಿಯರೇ, ಇವತ್ತು ನಮ್ಮ ಮಾವನವರು ಬದುಕಿದ್ದಾಗಲೇ ತಮ್ಮ ಸಾವಿನ ಅಳು ಕೇಳಿಸಿಕೊಂಡರು. ಬಚ್ಚಲಲ್ಲಿ ಜಾರಿ ದವಡೆ ಮುರಿದು ತಿಂಗಳಾಯಿತು. ಗದ್ದದಿಂದ ನೆತ್ತಿಗೆ ಬಿಳಿ ಪಟ್ಟಿ, ಊಟಕ್ಕೆ ಗಂಜಿ, ಮಾತಿಗೆ ಸ್ಲೇಟು. ಪಡಸಾಲೆಯಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದರು. ಬೆಳಕಿಂಡಿಯ ಬಿಸಿಲು ಅವರ ತೊಡೆಯ ಮೇಲೆ ತೂಕಡಿಸುತ್ತಿತ್ತು. ನಮ್ಮ ಜನ ಸತ್ತವರನ್ನೂ ಹೀಗೆಯೇ ಗದ್ದ ಕಟ್ಟಿ ಕೂರಿಸುತ್ತಾರೆ. ಏನೂ ತಿಳಿಯದೆ ಹರಿಹರದಿಂದ ಬಂದ ಅವರ ಹಳೇ ಗೆಳೆಯ ಬಸಣ್ಣ ಹೊಸ್ತಿಲಲ್ಲೇ ಕುಸಿದರು.

"ಮುಳುಗ್ತಿದ್ದ ನನ್ನ ಹೊಳೆಯಿಂದ ಎಳೆದು ತಂದು, ಈಗ ಒಬ್ನೇ ಹೊಂಟ್ಯೇನೋ!" ಎಂದು ಬಾಲ್ಯವನ್ನೆಲ್ಲ ಹೇಳಿ ಹೇಳಿ ಅತ್ತರು.

ಗಂಜಿ ತಂದ ನಾನು, "ಅಯ್ಯೋ, ಜೀವ ಐತ್ರೀ ಅವರಿಗೆ!" ಎಂದೆ.

ಮಾವ ಕಣ್ಣು ಬಿಟ್ಟು, ಸಿಡುಕಿನಿಂದ ಸ್ಲೇಟಿನಲ್ಲಿ ಬರೆದರು: "ಯಾಕವ್ವಾ ನಿಲ್ಲಿಸಿದಿ? ಬಾಯಿ ಕಟ್ಟಿದ ಮ್ಯಾಲೆ ನನ್ನ ಜತೆ ಇಷ್ಟೊತ್ತು ಮಾತಾಡಿದೋನು ಇವನೊಬ್ನೇ."

ಮತ್ತೆ ಕಣ್ಣು ಮುಚ್ಚಿದರು. ಬಸಣ್ಣ ಮೂಗೊರೆಸಿಕೊಂಡು ಮೊದಲಿನಿಂದ ಶುರು ಮಾಡಿದರು.