ಹೊಂಗೆ ಮರಕ್ಕೆ ನೇತುಹಾಕಿದ ಔಷಧಿ

ಕೊರೊನಾ ಮುಗಿದು ಜನ ಮಾಸ್ಕ್ ಬಿಚ್ಚಿದ ಮರುವರ್ಷದ ಮಾತು. ನಾನು ಆಗ ರಾಮನಗರ ತಾಲ್ಲೂಕಿನ ಕೂಟಗಲ್ ಕಡೆಯ ಒಂದು ಪಶು ಚಿಕಿತ್ಸಾಲಯದಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ತಾಳ್ಮೆ ಮಾತ್ರ ನನಗಿಂತ ಮೊದಲೇ ನಿವೃತ್ತಿ ಪಡೆದಿತ್ತು.

ನಮ್ಮ ಆಸ್ಪತ್ರೆಗೆ ಬರುವುದು ಹೆಚ್ಚಾಗಿ ಹಸು, ಕುರಿ, ಮೇಕೆ. ನಾಯಿಯನ್ನು ಕರೆತರುವವರು ಕಡಿಮೆ, ಮುದಿ ನಾಯಿಯನ್ನು ಕರೆತರುವವರು ಇನ್ನೂ ಕಡಿಮೆ. ಹಾಗಾಗಿ ಪುಟ್ಟಸ್ವಾಮಿ ಎಂಬ ರೇಷ್ಮೆ ಬೆಳೆಗಾರ ತನ್ನ ಮೊಪೆಡ್ಡಿನ ಮುಂಭಾಗದಲ್ಲಿ ಹದಿಮೂರು ವರ್ಷದ ನಾಯಿಯನ್ನು ಟವೆಲ್ ಹೊದಿಸಿ ಕೂರಿಸಿಕೊಂಡು ಬಂದಾಗ ನನಗೆ ಸಂತೋಷವೇ ಆಯಿತು. ಆ ಸಂತೋಷ ಬಹಳ ದಿನ ಉಳಿಯಲಿಲ್ಲ.

ನಾಯಿಯ ಹೆಸರು ಮೇಸ್ತ್ರಿ. ರೇಷ್ಮೆ ಹುಳು ಸಾಕಲು ಅವರು ಹುಳುಮನೆ ಕಟ್ಟುವಾಗ ಎಲ್ಲಿಂದಲೋ ಬಂದು ಸೇರಿಕೊಂಡ ಮರಿಯಂತೆ. ಇಟ್ಟಿಗೆ ರಾಶಿಯ ಮೇಲೆ ಕೂತು ಸಂಜೆಯವರೆಗೂ ಕೆಲಸದವರನ್ನು ನೋಡುವುದು, ಊಟದ ಹೊತ್ತಿಗೆ ಎಲ್ಲರಿಗಿಂತ ಮೊದಲು ಹಾಜರಾಗುವುದು. ಅದಕ್ಕೇ ಆ ಹೆಸರು. ಗೋಡೆ ಎದ್ದ ಮೇಲೆ ಅದು ಹುಳುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಮಲಗತೊಡಗಿತು. ಇಲಿ, ಹೆಗ್ಗಣ ಒಳಗೆ ನುಸುಳದಂತೆ ಕಾಯುವುದು ಅದರ ಕೆಲಸವಾಯಿತು. ಬೇರೆಲ್ಲೂ ಅದು ಮಲಗಿದ್ದೇ ಇಲ್ಲ.

ಜ್ವರವಿತ್ತು, ಒಸಡು ಬಿಳಿಚಿಕೊಂಡಿತ್ತು. ಕಿವಿಯ ಸಂದಿಯಲ್ಲಿ, ಕಾಲ್ಬೆರಳ ನಡುವೆ ಉಣ್ಣೆಗಳು ರಕ್ತ ಕುಡಿದು ಹುರುಳಿ ಕಾಳಿನಂತೆ ಊದಿಕೊಂಡಿದ್ದವು. ಉಣ್ಣೆ ಕಚ್ಚುವಾಗ ಒಂದು ರೋಗಾಣುವನ್ನು ನಾಯಿಯ ರಕ್ತಕ್ಕೆ ಬಿಡುತ್ತದೆ. ಅದರಿಂದ ಬರುವುದು ಟಿಕ್ ಫೀವರ್. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಇಳಿಯುತ್ತ ಹೋಗುತ್ತವೆ. ಚಿಕಿತ್ಸೆ ಕಷ್ಟವೇನಲ್ಲ. ನಾಲ್ಕು ವಾರ ಮಾತ್ರೆ ಕೊಡಬೇಕು, ಮೈಗೆ ಉಣ್ಣೆ ಸಾಯುವ ಔಷಧಿ ಹಚ್ಚಬೇಕು. ಆದರೆ ಉಣ್ಣೆ ಸಾಯಿಸುವ ಔಷಧಿ ರೇಷ್ಮೆ ಹುಳುವಿಗೂ ವಿಷ. ಅದರ ಗಾಳಿ ತಾಕಿದರೂ ಬೆಳೆ ಹೋಯಿತು ಎಂದು ಈ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಕೇಳಿದೆ, "ಮನೇಲಿ ಹುಳ ಇದೆಯೇನಪ್ಪ?"

"ಇಲ್ಲ ಸಾ. ಮೊನ್ನೆ ತಾನೆ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕ್ಬುಟ್ಟು ಬಂದೊ."

ಅವನು ಹೇಳಿದ್ದು ನಿಜವೇ. ಮುಂದಿನ ಬೆಳೆಗೆ ಮರಿಹುಳು ಬರುವುದು ಇನ್ನು ಮೂರೇ ದಿನಕ್ಕೆ ಎಂಬುದನ್ನು ಅವನು ಹೇಳಲಿಲ್ಲ. ನಾನು ಮಾತ್ರೆಯ ಜೊತೆ ಹಚ್ಚುವ ಔಷಧಿಯ ಬಾಟಲಿಯನ್ನೂ ಕೊಟ್ಟು ಕಳುಹಿಸಿದೆ.

ಒಂದೂವರೆ ತಿಂಗಳಿಗೆ ಮತ್ತೆ ಬಂದ. ಅದೇ ಜ್ವರ, ಅಷ್ಟೇ ಉಣ್ಣೆ. ಔಷಧಿ ಹಚ್ಚಿದೆಯಾ ಎಂದರೆ "ಹಚ್ಚಿದೊ ಸಾ" ಎಂದ. ಕಂಪನಿಯನ್ನು ಬೈದು ಬೇರೆ ಔಷಧಿಯ ಬಾಟಲಿ ಕೊಟ್ಟೆ. ಮೂರನೇ ಸಲವೂ ಹಾಗೇ ಬಂದಾಗ ಇನ್ನೊಂದು ಬಾಟಲಿ ಕೊಟ್ಟು ಕಳುಹಿಸಿದೆನಾದರೂ ನನಗೆ ತಲೆ ಕೆಟ್ಟುಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ನನ್ನ ಸರ್ವಿಸ್ಸಿನಲ್ಲಿ ಸಾಕಷ್ಟು ಮಾಡಿದ್ದೇನೆ, ಆದರೆ ಒಂದೇ ನಾಯಿಗೆ ಇಷ್ಟು ಸಲ ಮಾಡಿರಲಿಲ್ಲ.

ಆ ವಾರವೇ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಅವರೂರಿಗೆ ಹೋಗಿದ್ದೆ. ಮುಗಿಸಿಕೊಂಡು ಪುಟ್ಟಸ್ವಾಮಿಯ ಮನೆ ಹುಡುಕಿ ಹೋದರೆ, ಗೇಟಿನ ಹತ್ತಿರವೇ ಅವನ ಹೆಂಡತಿ ಸಾಕಮ್ಮ ಕೈ ಅಡ್ಡ ಹಿಡಿದರು.

"ಅಲ್ಲೇ ನಿಂತ್ಕೊಳಿ ಸಾ. ಒಳೀಕ್ ಬರ್ಬೇಡಿ. ಹುಳ ಜ್ವರಕ್ಕೆ ಕುಂತವೆ."

ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಆಗ ಹೊರಗಿನವರನ್ನು ಹತ್ತಿರ ಬಿಡುವುದಿಲ್ಲ. ಅದರಲ್ಲೂ ನಾನು ದನದ ಮೈಗೆ ಉಣ್ಣೆ ಔಷಧಿ ಸಿಂಪಡಿಸುವ ಆಸಾಮಿ, ನನ್ನ ಬಟ್ಟೆ ಚೀಲವೆಲ್ಲ ಅದೇ ವಾಸನೆ. ಮೂವತ್ತು ವರ್ಷ ಜನ ನನ್ನನ್ನು ಕಾದು ಕೂತು ಕರೆದುಕೊಂಡು ಹೋಗಿದ್ದರು. ಇಲ್ಲಿ ನಾನೇ ರೋಗವಾಗಿ ರಸ್ತೆಯಲ್ಲಿ ನಿಂತಿದ್ದೆ.

"ನಾನು ಕೊಟ್ಟ ಔಷಧಿ ಎಲ್ಲಿ?" ಎಂದು ಕೇಳಿದೆ. ಸಾಕಮ್ಮ ರಸ್ತೆ ಪಕ್ಕದ ಹೊಂಗೆ ಮರದ ಕಡೆ ನೋಡಿದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹಗ್ಗ ಬಿಗಿದು, ಮೂರೂ ಬಾಟಲಿಗಳನ್ನು ಕೊಂಬೆಗೆ ನೇತುಹಾಕಿದ್ದರು. ಒಂದರ ಸೀಲೂ ಒಡೆದಿರಲಿಲ್ಲ. ಮನೆಯೊಳಗೆ ತರಲು ಹೆದರಿಕೆ, ಡಾಕ್ಟರು ಕೊಟ್ಟದ್ದನ್ನು ಎಸೆಯಲು ಸಂಕೋಚ.

"ಹಚ್ಚಲ್ಲ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತಮ್ಮ?"

"ಡಾಕ್ಟ್ರು ಮಾತ್ಗೆ ಎದುರು ಹೇಳದೆಂಗ್ ಸಾ?"

ನಾನು ಸಿಟ್ಟು ನುಂಗಿಕೊಂಡು ಹೊರಟೆ. ಈ ಮರ್ಯಾದೆಯಿಂದ ನಾನು ಅನುಭವಿಸಿದಷ್ಟು ತೊಂದರೆ ಜಗಳಗಂಟರಿಂದ ಅನುಭವಿಸಿಲ್ಲ. ಇಲ್ಲ ಎನ್ನುವವನ ಜೊತೆ ವಾದ ಮಾಡಬಹುದು, ಹೂಂ ಎಂದು ಹೋಗುವವನ ಜೊತೆ ಏನು ಮಾಡುವುದು?

ಉಣ್ಣೆ ಸಾಯಲು ನಾಯಿಗೆ ನುಂಗಿಸುವ ಮಾತ್ರೆಯೂ ಇದೆ. ಮರುವಾರ ಪುಟ್ಟಸ್ವಾಮಿ ಆಸ್ಪತ್ರೆಗೆ ಬಂದಾಗ ಅದನ್ನು ಹೇಳಿದೆ. ಅವನು, "ಅದು ರೋಮದಲ್ಲಿ, ಕಕ್ಕಸಲ್ಲಿ ಬತ್ತದಾ ಸಾ? ಅದ್ ಮನಗೋ ಜಾಗದಲ್ಲೇ ನಾವು ಹುಳದ ಸೊಪ್ಪಿನ ಹೊರೆ ಇಳ್ಸೋದು" ಎಂದು ಕೇಳಿದ. ಬರುವುದಿಲ್ಲ ಎಂದು ಹೇಳುವ ಖಾತ್ರಿ ನನಗಿರಲಿಲ್ಲ. ಗೊತ್ತಿಲ್ಲದ ಮಾತಿಗೆ ಅವರ ಬೆಳೆಯನ್ನು ಪಣಕ್ಕಿಡುವುದು ಹೇಗೆ? ಹಾಗಾದರೆ ನಾಯಿಯನ್ನಾದರೂ ಬೇರೆ ಕಡೆ ಇಡಿ, ಅಲ್ಲಿ ಔಷಧಿ ಹಚ್ಚಿಸಿ ಎಂದೆ. ಮಾಗಡಿ ಹತ್ತಿರ, ಸಾವನದುರ್ಗದ ಕಡೆ ಇದ್ದ ಸಾಕಮ್ಮನ ತಂಗಿಯ ಮನೆಗೆ ಬಿಟ್ಟುಬಂದರು. ಅಲ್ಲಿ ಮೇಸ್ತ್ರಿ ಅನ್ನ ಮುಟ್ಟಲಿಲ್ಲ, ನೀರನ್ನೂ ಸರಿಯಾಗಿ ಕುಡಿಯಲಿಲ್ಲ. ಬಾಗಿಲು ಕಂಡ ಕಡೆಯೆಲ್ಲ ಹೋಗಿ ಬೆನ್ನು ಕೊಟ್ಟು ಮಲಗುತ್ತಿತ್ತಂತೆ, ಇದಲ್ಲ ಎನ್ನಿಸಿ ಮತ್ತೆ ಏಳುತ್ತಿತ್ತಂತೆ. ವಾರದೊಳಗೆ ವಾಪಸ್ ಕರೆತಂದರು. ಸಾಕಮ್ಮ ಫೋನ್ ಮಾಡಿ, "ಸಾಯದಾದ್ರೆ ನಮ್ ಬಾಗಿಲಲ್ಲೇ ಸಾಯ್ಲಿ ಸಾ" ಎಂದರು.

ಅದು ಸಾಯುವ ಹಂತಕ್ಕೆ ಬಂದದ್ದು ಮುಂದಿನ ಬೆಳೆಯಲ್ಲಿ. ಹುಳು ನಾಲ್ಕನೇ ಜ್ವರ ಎದ್ದು ಮೈತುಂಬ ಹಸಿವಾಗಿರುವ ಕಾಲ. ಆ ವಾರ ಮನೆಯವರಿಗೆ ಉಣ್ಣಲೂ ಪುರುಸೊತ್ತಿಲ್ಲ, ಸೊಪ್ಪು ಕೊಯ್ಯುವುದು, ಹಾಕುವುದು, ಮತ್ತೆ ಕೊಯ್ಯುವುದು. ಅಂಥ ದಿನ ಮಧ್ಯಾಹ್ನ ಮೇಸ್ತ್ರಿಯ ಮೂಗಿನಿಂದ ರಕ್ತ ಸುರಿಯತೊಡಗಿತು. ಪ್ಲೇಟ್‌ಲೆಟ್ ತೀರಾ ಇಳಿದಾಗ ಹೀಗಾಗುತ್ತದೆ. ನಾನು ಹೋದೆ. ಮತ್ತೆ ಅದೇ ರಸ್ತೆ. ಬೈಕನ್ನು ದೂರದಲ್ಲಿ ನಿಲ್ಲಿಸಿ, ಸೋಪು ಹಚ್ಚಿ ಮೊಳಕೈವರೆಗೆ ತೊಳೆದು, ಪುಟ್ಟಸ್ವಾಮಿ ಕೊಟ್ಟ ಒಗೆದ ಅಂಗಿ ಹಾಕಿಕೊಂಡೆ. ಅದರ ಗುಂಡಿಗಳು ನನ್ನ ಹೊಟ್ಟೆಗೆ ಬರಲಿಲ್ಲ.

ನಾಯಿಯನ್ನು ಗೋಣಿತಾಟಿನ ಮೇಲೆ ಎತ್ತಿಕೊಂಡು ಬಂದು ಹೊಂಗೆ ಮರದ ಕೆಳಗೆ ಮಲಗಿಸಿದರು. ನನ್ನ ಮೂರು ಬಾಟಲಿ ತೂಗಿದ್ದ ಅದೇ ಕೊಂಬೆಗೆ ಡ್ರಿಪ್ ಬಾಟಲಿ ಕಟ್ಟಿದೆ. ಸಾಕಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂಗಿಗೆ ಒದ್ದೆ ಬಟ್ಟೆ ಹಿಡಿದರು. ಹುಳುಮನೆಯಿಂದ ಪುಟ್ಟಸ್ವಾಮಿ ಕೂಗಿದ, "ಸೊಪ್ಪಾಕೋ ಹೊತ್ತಾಯ್ತು ಕಣಮ್ಮಿ." ಅವರು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿದ. ಆಗಲೂ ಏಳಲಿಲ್ಲ.

ನನ್ನ ಸಿಟ್ಟೆಲ್ಲ ಅಲ್ಲಿ ಹೊರಬಂತು. "ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟರೆ ಆಗಲ್ಲಮ್ಮ. ನಾಯಿ ಬೇಕೋ, ಹುಳ ಬೇಕೋ, ಇವತ್ತು ತೀರ್ಮಾನ ಮಾಡಿ."

ಸಾಕಮ್ಮ ತಲೆ ಎತ್ತದೆ ಹೇಳಿದರು, "ಅದೆಂಗ್ ಸಾ ತೀರ್ಮಾನ ಮಾಡದು? ಹುಳ ಸಾಕ್ದ ಕೈಯಲ್ಲೇ ಅಲ್ವ್ರಾ ಇದನ್ನೂ ಸಾಕಿರದು." ಆಮೇಲೆ, "ಔಷ್ದಿ ಇಲ್ದೆ ಕೈಯಲ್ಲೇ ಕಿತ್ರೆ ಆಯ್ತದಾ?"

ಆಗುವುದಿಲ್ಲ ಎಂದೆ. ಮೈಮೇಲಿನದನ್ನು ಕಿತ್ತರೆ ಗೋಡೆಯ ಬಿರುಕಿನಲ್ಲಿ ಅಡಗಿರುವುದು ಹತ್ತುತ್ತದೆ. ದಿನವೂ ಕೀಳಬೇಕು, ಎರಡು ದಿನ ಬಿಟ್ಟರೂ ಮಾಡಿದ್ದೆಲ್ಲ ದಂಡ. ಬೆಳೆಯ ಕಾಲದಲ್ಲಿ ತಲೆ ಬಾಚಿಕೊಳ್ಳಲೂ ಬಿಡುವಿಲ್ಲದ ಹೆಂಗಸಿಗೆ ಇದೆಲ್ಲ ಸಾಧ್ಯವೇ? ಆದರೂ ಕೇಳಿದ್ದಾರಲ್ಲ ಎಂದು ಹೇಳಿಕೊಟ್ಟೆ. ಚಿಮುಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಬೇಕು, ಉಗುರಲ್ಲಿ ಚಿವುಟಬಾರದು, ಕಿತ್ತದ್ದನ್ನು ಸೋಪು ನೀರಿಗೆ ಹಾಕಬೇಕು. ಬೆಳೆ ಮುಗಿದಾಗ ರೋಗಾಣು ಸಾಯಲೆಂದು ಹುಳುಮನೆಯ ಒಳಗೋಡೆಗೆ ಫ್ಲೇಮ್ ಗನ್ನಿನಿಂದ ಬೆಂಕಿ ಹಾಯಿಸುತ್ತಾರೆ. ಇನ್ನು ಮುಂದೆ ನಾಯಿ ಮಲಗುವ ಬಾಗಿಲು, ಹೊರಗೋಡೆಯ ಬಿರುಕುಗಳಿಗೂ ಹಾಯಿಸಿ, ಆಮೇಲೆ ಸಿಮೆಂಟ್ ಮೆತ್ತಿ ಎಂದೆ. ನನ್ನ ಚಿಮುಟವನ್ನು ಕುದಿಯುವ ನೀರಿಗೆ ಹಾಕಿಸಿ ಅಲ್ಲೇ ಬಿಟ್ಟುಬಂದೆ. ನಾಯಿ ಆ ವಾರ ದಾಟುತ್ತದೆ ಎಂಬ ನಂಬಿಕೆ ನನಗಿರಲಿಲ್ಲ.

ದಾಟಿತು. ಸಾಕಮ್ಮನ ಫೋನ್ ಶುರುವಾಯಿತು. ಸರಿಯಾಗಿ ನಾನು ಮುದ್ದೆ ಮುರಿಯುವ ಹೊತ್ತಿಗೆ ಫೋನ್. ಕಣ್ಣ ರೆಪ್ಪೆಯಲ್ಲಿ ಕೂತದ್ದನ್ನು ಹೇಗೆ ಕೀಳುವುದು? ಕಿತ್ತ ಜಾಗಕ್ಕೆ ಅರಿಶಿನ ಹಚ್ಚಲೇ? ಮೇಸ್ತ್ರಿ ಇವತ್ತು ಒಸಿ ಮೊಸರನ್ನ ತಿಂದದೆ, ಪರವಾಗಿಲ್ವಾ? ನನ್ನ ಹೆಂಡತಿ, "ನಿಮ್ಮ ಮೇಸ್ತ್ರಿ ಫೋನ್ ಬಂತು" ಎಂದು ರೇಗಿಸುತ್ತಿದ್ದಳು. ನಾನು ರೇಗುತ್ತಲೇ ಉತ್ತರಿಸುತ್ತಿದ್ದೆ. ಒಂದು ದಿನ ಫೋನ್ ಬರಲಿಲ್ಲ, ಆ ದಿನ ಊಟ ಸೇರಲಿಲ್ಲ. ಸಂಜೆ ನಾನೇ ಮಾಡಿ ಕೇಳಿದರೆ, ಕರೆನ್ಸಿ ಮುಗಿದಿತ್ತಂತೆ.

ಮುಂದೆ ನಾನು ನಿವೃತ್ತನಾದೆ. ಈಚೆಗೆ ಆ ಕಡೆ ಒಂದು ಬೀಗರೂಟಕ್ಕೆ ಹೋದವನು ಅವರ ಮನೆ ದಾರಿ ಹಿಡಿದೆ. ಮಧ್ಯಾಹ್ನದ ಊಟ ಮುಗಿದ ಹೊತ್ತು. ಹುಳುಮನೆಯ ಬಾಗಿಲಲ್ಲಿ ಸಾಕಮ್ಮ ಕಾಲು ನೀಡಿ ಕೂತಿದ್ದರು. ಮೇಸ್ತ್ರಿಯ ತಲೆ ಅವರ ತೊಡೆಯ ಮೇಲಿತ್ತು. ಮುಖವೆಲ್ಲ ನರೆತು ಬಿಳಿಯಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ನಾನು ಬೈಕ್ ನಿಲ್ಲಿಸಿದ ಸದ್ದು ಅದಕ್ಕೆ ಕೇಳಿಸಲೇ ಇಲ್ಲ. ಸಾಕಮ್ಮನ ಬೆರಳು ಅದರ ಕಿವಿಯ ಸಂದಿಯಲ್ಲಿ ರೋಮ ಬಿಡಿಸಿ ಬಿಡಿಸಿ ನೋಡುತ್ತಿತ್ತು.

"ಇನ್ನೂ ಉಣ್ಣೆ ಇದೆಯೇನಮ್ಮ?" ಎಂದು ಗೇಟಿನಿಂದಲೇ ಕೇಳಿದೆ.

"ಎಲ್ಲೈತೆ ಸಾ? ಹೋದ ಯುಗಾದಿಯಿಂದ ಒಂದೂ ಇಲ್ಲ."

"ಮತ್ತೆ ಏನು ಹುಡುಕ್ತಿದ್ದೀರಿ?"

"ಏನಿಲ್ಲ. ಈ ಹೊತ್ತಿಗೆ ತಾನೇ ತಡವ್ಕೊಂಡು ಬಂದು ತೊಡೆ ಮೇಲೆ ತಲೆ ಇಟ್ಬುಡ್ತದೆ. ಇಲ್ಲ ಹೋಗು ಅನ್ನಕ್ಕಾಯ್ತದಾ?"

ಕೆಲಸ ಕಲಿಸಿದ ಪಾಠ ಏನು ಎಂದು ಕಿರಿಯ ವೈದ್ಯರು ಕೇಳಿದರೆ ಎರಡು ಮಾತು ಹೇಳುತ್ತೇನೆ. ಔಷಧಿ ಕೊಡುವಾಗ ಆ ಮನೆಯಲ್ಲಿ ಇವತ್ತು ಏನಿದೆ ಎಂದಷ್ಟೇ ಅಲ್ಲ, ಮುಂದಿನ ವಾರ ಏನು ಬರುತ್ತದೆ ಎಂದೂ ಕೇಳಿ. ಮತ್ತೆ, ಮುದಿ ನಾಯಿಯ ವಿಷಯದಲ್ಲಿ ಇದು ಆಗುವುದಿಲ್ಲ ಎಂದು ಬಾಯಿಗೆ ಬಂದರೂ, ಹೇಗೆ ಮಾಡಬೇಕೆಂದು ಹೇಳಿಕೊಟ್ಟೇ ಎದ್ದು ಬನ್ನಿ.

ಅದನ್ನೊಮ್ಮೆ ಮುಟ್ಟಿ ಮಾತಾಡಿಸಬೇಕು ಎನ್ನಿಸಿ ಗೇಟಿನ ಚಿಲಕಕ್ಕೆ ಕೈ ಹಾಕಿದೆ. ಔಷಧಿ ಮುಟ್ಟಿ ವರ್ಷವಾಗಿತ್ತು, ಮೈಮೇಲೆ ಬೀಗರೂಟದ ಹೊಸ ಬಟ್ಟೆ ಇತ್ತು.

"ಅಲ್ಲೇ ನಿಂತ್ಕೊಳಿ ಸಾ" ಎಂದರು ಸಾಕಮ್ಮ. "ಹುಳ ಜ್ವರಕ್ಕೆ ಕುಂತವೆ. ಇದು ಒಸಿ ನಿದ್ದೆ ಮಾಡ್ಲಿ, ಎದ್ಮೇಲೆ ಟೀ ತತ್ತೀನಿ."

ನಾನು ಹೊಂಗೆ ಮರದ ನೆರಳಿಗೆ ಹೋಗಿ ನಿಂತೆ. ನಾಯಿ ಏಳಲು ಬಹಳ ಹೊತ್ತು ಹಿಡಿಯಿತು.